ಮೆಣಸಿನಕಾಯಿ ಬಣ್ಣದ ಮೀಟರ್

ಮಿಸ್ತ್ರಿಯ ಮುಂದಿನ ಹಲ್ಲೊಂದರಲ್ಲಿ ಕಚ್ಚು ಬಿದ್ದಿತ್ತು. ನಲವತ್ತು ವರ್ಷ ವೈರಿನ ಸಿಪ್ಪೆಯನ್ನು ಅದೇ ಹಲ್ಲಿನಿಂದ ಸುಲಿದು, ಸಣ್ಣ ವೈರೊಂದು ಅಳತೆಗೆ ಸರಿಯಾಗಿ ಕೂರುವಷ್ಟು ಸವೆದಿತ್ತು. ನಕ್ಕಾಗ ಅದು ಚೆಂದ ಕಾಣುತ್ತಿತ್ತೆಂದು ಅವರ ಗಿರಾಕಿಗಳು ಹೇಳುತ್ತಾರೆ. ನಾನು ಅದನ್ನು ನೋಡಿದ್ದೆಲ್ಲ ಅವರು ನನ್ನನ್ನು ಬೈಯುವಾಗ.

ರಾಣೆಬೆನ್ನೂರಿನಲ್ಲಿ ಅವರದು ಕಾರಿನ ವೈರಿಂಗ್ ಅಂಗಡಿ. ಹಾವೇರಿ, ಬ್ಯಾಡಗಿ ಕಡೆಯ ಕಾರಿನವರು ಅವರನ್ನು ಕೇಳದೆ ಒಂದು ಹಾರ್ನ್ ಕೂಡ ಹಾಕಿಸುತ್ತಿರಲಿಲ್ಲ. ನಾನು ಹಾವೇರಿಯಲ್ಲಿ ಟಿವಿ ರಿಪೇರಿ ಮಾಡುತ್ತಿದ್ದವನು. ಜನ ಕೆಟ್ಟ ಟಿವಿಯನ್ನು ರಿಪೇರಿಗೆ ತರುವುದನ್ನೇ ಬಿಟ್ಟ ಮೇಲೆ, ಕಾರಿನೊಳಗೆ ಕೂರಿಸುವ ಎಂಜಿನ್ ಮೀಟರ್ ಮಾಡತೊಡಗಿದೆ. ನೀರಿನ ಬಿಸಿ, ಆಯಿಲ್ ಒತ್ತಡ, ಬ್ಯಾಟರಿಯ ಸ್ಥಿತಿ ಎಲ್ಲವನ್ನೂ ಚಾಲಕನ ಕಣ್ಣೆದುರು ತೋರಿಸುವ ಪುಟ್ಟ ಪರದೆ. ಬಸ್ಸಿನಲ್ಲಿ ಕೂತರೆ ಎಂಜಿನ್ನಿನ ಸದ್ದು ಬದಲಾಯಿತೇ ಎಂದು ಕಿವಿಗೊಡುವ, ಮನೆಗೆ ಬೀಗ ಹಾಕಿದೆನೇ ಎಂದು ಅರ್ಧ ದಾರಿಯಲ್ಲಿ ಇಳಿದು ವಾಪಸ್ ಓಡುವ ನನ್ನಂಥವನಿಗೆ ಹೇಳಿ ಮಾಡಿಸಿದ ಕಸುಬು. ಮೊದಲ ಮಾದರಿಯಲ್ಲಿ ಒಂಬತ್ತು ಅಂಕಿ ಇಟ್ಟೆ, ಸುತ್ತ ನೀಲಿ ಬೆಳಕು ಓಡಿಸಿದೆ. ಮಿಸ್ತ್ರಿ ಒಮ್ಮೆ ಹೂಂ ಅಂದಿದ್ದರೆ ಮೂರೂ ಊರಿನಲ್ಲಿ ನನ್ನ ಮೀಟರ್ ಓಡುತ್ತಿತ್ತು.

ಅವರು ಹೂಂ ಅನ್ನಲಿಲ್ಲ.

“ಇದೇನ್ರಿ, ಮದುವಿ ಮಂಟಪ?”

“ಎಂಜಿನ್ ಮೀಟರ್ ರೀ ಮಿಸ್ತ್ರಿ. ಚೆಂದ ಐತಿ ಅಂತ ಎಲ್ಲಾರೂ ಅಂದಾರ.”

“ಎಲ್ಲಾರೂ ಅಂದ್ರ ಯಾರು, ನಿಮ್ಮ ಮನಿಯವ್ರಾ? ಅರೇ, ಗಾಡಿ ಹೊಡಿಯಾವ ರಸ್ತಾ ನೋಡಬೇಕೋ, ಈ ಒಂಬತ್ತು ನಂಬರ್ ಓದಬೇಕೋ? ನಿಮ್ಮ ಎದಿಯಾಗಿನ ಪುಕುಪುಕು ಎಲ್ಲಾ ತಂದು ಮಂದಿ ಗಾಡ್ಯಾಗ ಹಚ್ಚಾಕ ಹೊಂಟೀರಿ. ನಾ ಕೂಡ್ಸಂಗಿಲ್ಲ. ತೊಗೊಂಡು ಹೋಗ್ರಿ.”

ಈ ಮುದುಕನಿಗೆ ಹೊಸ ಸಾಮಾನಿನ ಮೇಲೆ ಹಗೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಸುಳ್ಳು. ಎಂಥ ಹೊಸ ಗಾಡಿ ಬಂದರೂ ಅವರು ಮೊದಲು ಚಾಲಕನ ಸೀಟಿನಲ್ಲಿ ಕೂರುತ್ತಿದ್ದರು, ಸೀಟನ್ನು ಅವನ ಅಳತೆಯಿಂದ ಕದಲಿಸದೆ. ಮಾಲೀಕ ಹಿಂದಿನಿಂದ ಏನಾದರೂ ಹೇಳಿದರೆ “ಹೊಡಿಯಾವ ಹೇಳ್ಲಿ” ಎನ್ನುತ್ತಿದ್ದರು. ನಾನು ಮಾತ್ರ ಮಾಲೀಕನನ್ನಷ್ಟೇ ಕೇಳುವವನು.

ಹಾಗೆ ಕೇಳಿದ್ದು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರನ್ನು. ಅವರು ರಾಶಿಯಿಂದ ಒಂದು ಕಾಯಿ ಎತ್ತಿ ನನ್ನ ಕೈಗಿಟ್ಟು, “ಮೀಟರ್ ಈ ಬಣ್ಣದಾಗ ಆಗಬೇಕ್ರಿ. ಕುಂತವ್ರಿಗೆ ಬ್ಯಾಡಗಿ ಗಾಡಿ ಅಂತ ಗೊತ್ತಾಗಬೇಕು” ಎಂದರು. ಆ ಕೆಂಪನ್ನು ಪರದೆಗೆ ತರಲು ನನಗೆ ಹನ್ನೆರಡು ದಿನ ಹಿಡಿಯಿತು. ಅಂಕಿ ಕೆಂಪು, ಗೆರೆ ಕೆಂಪು, ಅಂಚು ಕೆಂಪು. ಎಂಜಿನ್ ಕಾದಾಗ ಹತ್ತುವ ಅಪಾಯದ ದೀಪ ಮೊದಲಿನಿಂದಲೂ ಕೆಂಪು. ಅದನ್ನು ಬದಲಿಸಬೇಕೆಂದು ಹೊಳೆಯಲೇ ಇಲ್ಲ. ಬೇಡದ್ದಕ್ಕೆಲ್ಲ ದಿನಕ್ಕೆ ನೂರು ಸಲ ಹೆದರುವವನು ಅವತ್ತು ಸಿಳ್ಳೆ ಹಾಕುತ್ತ ನಾನೇ ಸ್ಕ್ರೂ ಬಿಗಿದೆ. ನನ್ನ ಚೌಕಟ್ಟು ಗಾಡಿಯ ಸ್ವಂತ ದೀಪವನ್ನೂ ಮುಚ್ಚಿತ್ತು.

ಹದಿನೈದು ದಿನಕ್ಕೆ ಹೆದ್ದಾರಿಯಲ್ಲಿ ರೇಡಿಯೇಟರಿನ ಪೈಪು ಸೀಳಿ ನೀರೆಲ್ಲ ಸೋರಿ, ಎಂಜಿನ್ ಕಾದು ನಿಂತಿತು. ಗಾಡಿಯನ್ನು ಮಿಸ್ತ್ರಿಯ ಅಂಗಡಿಗೆ ಎಳೆದು ತಂದರು. ನಾನು ಹೋಗುವಷ್ಟರಲ್ಲಿ ವ್ಯಾಪಾರಿ ಚಾಲಕನ ಮೇಲೆ ಕೂಗಾಡುತ್ತಿದ್ದರು.

“ಕಣ್ಣ ಮುಂದ ಮೀಟರ್ ಐತಿ, ನೋಡಾಕ ಏನಾಗಿತ್ತು ನಿನಗ? ನಾಳಿಯಿಂದ ಬರಬ್ಯಾಡ.”

“ನೋಡಿದ್ನಿರೀ ಅಣ್ಣಾರ. ದಿನಾ ಇದ್ದಂಗ ಇತ್ತು” ಎಂದ ಚಾಲಕ. ಹನ್ನೆರಡು ವರ್ಷದಿಂದ ಅವರ ಗಾಡಿ ಓಡಿಸಿದವನು.

ನನಗೆ ಆ ಕ್ಷಣವೇ ಎಲ್ಲ ಅರ್ಥವಾಯಿತು. ಆದರೂ ಸೀಳಿದ ಪೈಪನ್ನು ಎತ್ತಿ, ಭಾರಿ ತಿಳಿದವನಂತೆ ತಿರುಗಿಸಿ ತಿರುಗಿಸಿ ನೋಡುತ್ತ ಸುಮ್ಮನೆ ನಿಂತೆ. ಮಿಸ್ತ್ರಿ ನನ್ನನ್ನೇ ನೋಡುತ್ತಿದ್ದರು.

“ಬರ್ರಿ ಎಂಜಿನಿಯರ್ ಸಾಹೇಬ್ರ, ಇಲ್ಲಿ ಕುಂದ್ರಿ.”

ಚಾಲಕನ ಸೀಟಿನಲ್ಲಿ ಕೂತೆ. ಅವರು ಬಾನೆಟ್ಟಿನ ಒಳಗೆ ಯಾವುದೋ ವೈರ್ ಮುಟ್ಟಿಸಿದರು. “ಅಪಾಯದ ದೀಪ ಹತ್ತೇತಿ. ಯಾವುದು, ತೋರಸ್ರಿ.”

ಮಾಡಿದವನು ನಾನೇ. ಕಣ್ಣು ಕಿರಿದು ಮಾಡಿ ಹುಡುಕಿದೆ. ಕೆಂಪಿನೊಳಗೆ ಕೆಂಪು ಸಿಗಲಿಲ್ಲ.

“ಅವನ ಹೊಟ್ಟಿ ಮ್ಯಾಲೆ ಹೊಡಿಯಾಕತ್ತಾರ. ನಿಮಗ ಖರೇ ಗೊತ್ತಿದ್ದೂ ಪೈಪ್ ಹಿಡ್ಕೊಂಡು ನಿಂತೀರಿ. ನೀವ ಹೇಳ್ತೀರೋ, ನಾ ಹೇಳ್ಲೋ?”

“ತಪ್ಪು ನಂದ್ರಿ” ಎಂದೆ.

ವ್ಯಾಪಾರಿಯ ಬಾಯಿ ನನ್ನ ಕಡೆ ತಿರುಗಿತು. ಚಾಲಕನ ಕೆಲಸ ಉಳಿಯಿತು. ಮಿಸ್ತ್ರಿ ಮೀಟರ್ ಕಿತ್ತು ನನ್ನ ಮಡಿಲಿಗೆ ಹಾಕಿ, “ಬಣ್ಣ ತಪ್ಪಿದ್ರ ಬಣ್ಣ ಬದಲಿಸಬಹುದು. ಸುಮ್ಮನ ನಿಂತಿದ್ರಲ್ಲ, ಅದಕ್ಕೇನು ಮಾಡ್ತೀರಿ?” ಎಂದರು.

ಆಮೇಲೆ ಮೂರು ವರ್ಷ ಹೊಸ ಹೊಸ ಮಾದರಿ ಹೊತ್ತು ಅವರ ಅಂಗಡಿಗೆ ಹೋದೆ. ಒಂದು ಸಲವೂ ಚಹಾ ಹೇಳಲಿಲ್ಲ. ಒಂದು ಸಲವೂ ನೋಡದೆ ಕಳಿಸಲಿಲ್ಲ. ಒಂಬತ್ತು ಅಂಕಿ ಐದಾದವು, ಐದು ಮೂರಾದವು. ಕೊನೆಗೆ, ಎಲ್ಲ ಸರಿಯಿದ್ದಾಗ ಕಪ್ಪಗೇ ಇದ್ದು, ತೊಂದರೆಯಾದಾಗ ಮಾತ್ರ ಒಂದೇ ಅಂಕಿಯನ್ನು ಹಳದಿಯಲ್ಲಿ ತೋರಿಸಿ ಕಿರುಚುವ ಪರದೆ ಮಾಡಿದೆ. ನೋಡಿದವರೆಲ್ಲ ಇದೇ ಎಲ್ಲಕ್ಕಿಂತ ಚೆಂದ ಎಂದರು. ಮಿಸ್ತ್ರಿ ಅದನ್ನು ಬಿಸಿಲಿಗೆ ಹಿಡಿದು, “ಈ ಅಂಚು ಯಾಕ ಹೊಳೀತೈತಿ? ಇನ್ನೂ ನಿಮ್ಮ ಶೋಕಿ ಹೋಗಿಲ್ಲ. ತಗೀರಿ ಅದನ್ನ” ಎಂದು ವಾಪಸ್ ಕೊಟ್ಟರು.

ಅಂಚಿನ ಹೊಳಪು ಉಜ್ಜಿ ತೆಗೆದು ಮರುವಾರ ಹೋದಾಗ ಅಂಗಡಿಯ ಶಟರ್ ಇಳಿದಿತ್ತು. ಬೆಳಿಗ್ಗೆ ಎದೆನೋವು ಬಂದು ತೀರಿಕೊಂಡರೆಂದು ಪಕ್ಕದವರು ಹೇಳಿದರು. ಮಧ್ಯಾಹ್ನದ ನಮಾಜಿನ ನಂತರ ಮಣ್ಣು ಮಾಡಿದರು. ನಾನು ಖಬರಸ್ತಾನದ ಗೋಡೆಯ ಬಳಿ, ಮೀಟರಿನ ಡಬ್ಬಿಯನ್ನು ಎಲ್ಲಿಡಬೇಕೆಂದು ತಿಳಿಯದೆ, ಎದೆಗೆ ಅವುಚಿಕೊಂಡು ನಿಂತಿದ್ದೆ.

ಹೊರಗೆ ಬರುವಾಗ ಬ್ಯಾಡಗಿಯ ಆ ಚಾಲಕ ಎದುರಾದ. ಅವನ ಕೈಯಲ್ಲಿ ಇನ್ನೂ ಮಣ್ಣಿತ್ತು.

“ಮಿಸ್ತ್ರಿಗೆ ತೋರಸಾಕ ತಂದಿದ್ರೇನ್ರಿ?”

ಹೌದೆಂದು ತಲೆಯಾಡಿಸಿದೆ. ಅವನು ಕೈ ಕೊಡವಿ, ರಸ್ತೆಬದಿಯಲ್ಲಿ ನಿಲ್ಲಿಸಿದ್ದ ಗಾಡಿಯ ಬಾಗಿಲು ತೆಗೆದು ಸ್ಟೇರಿಂಗ್ ಮುಂದೆ ಕೂತ. “ಕೊಡ್ರಿ ಇಲ್ಲೆ.”

ವೈರ್ ಜೋಡಿಸಿ ಪರೀಕ್ಷೆಯ ಗುಂಡಿ ಒತ್ತಿದೆ. ಅವನು ಒಮ್ಮೆ ರಸ್ತೆ ನೋಡಿದ, ಒಮ್ಮೆ ಪರದೆ ನೋಡಿದ. ಮತ್ತೆ ರಸ್ತೆ, ಮತ್ತೆ ಪರದೆ. ಮುಖದಲ್ಲಿ ನನ್ನ ಬಗ್ಗೆ ಪ್ರೀತಿಯೇನೂ ಇರಲಿಲ್ಲ, ಇರಬೇಕೆಂದೂ ಇಲ್ಲ.

“ನಂಬರ್ ಸಣ್ಣದಾತ್ರಿ. ಲಗೂ ಕಾಣವಲ್ದು. ದೊಡ್ಡದು ಮಾಡಿ ತರ್ರಿ.”

ಹಾವೇರಿಗೆ ಬಂದು ದೊಡ್ಡದು ಮಾಡಿದೆ. ಮರುದಿನವೇ ಅವನನ್ನು ಹುಡುಕಿಕೊಂಡು ಬ್ಯಾಡಗಿ ಬಸ್ಸು ಹತ್ತಿದೆ.