ಮಾವನವರ ಮೊಬೈಲ್ ಚೀಲಕ್ಕೆ ಎರಡು ಬಕಲ್

ನನಗೆ ಹೆಣ್ಣು ಕೊಟ್ಟ ಮಾವನವರು ನಿಡಗುಂದಿಯವರು. ಒಮ್ಮೆ ಹೊಲದಲ್ಲಿ ಬಗ್ಗಿದಾಗ ಅವರ ಮೊಬೈಲು ಅಂಗಿಯ ಕಿಸೆಯಿಂದ ಜಾರಿ ಕಾಲುವೆಗೆ ಬಿತ್ತು. ಹೊಸ ಮೊಬೈಲಿಗೆ ಬೆಲ್ಟಿಗೆ ಸಿಕ್ಕಿಸುವಂಥ ಚರ್ಮದ ಚೀಲವನ್ನು ನಾನೇ ಹೊಲಿದುಕೊಡುತ್ತೇನೆಂದು ಹೊರಟೆ. ಸಿಂದಗಿಯ ಅಂಗಡಿಯಲ್ಲಿ ಆಡಿನ ಮೆತ್ತನೆಯ ಚರ್ಮವೂ ಇತ್ತು. ನಾನು ಗಟ್ಟಿಮುಟ್ಟಾಗಿರಲೆಂದು ಎಮ್ಮೆಯದನ್ನೇ ಆರಿಸಿದೆ. ಒತ್ತುಗುಂಡಿ ಬಿಚ್ಚಿಕೊಂಡೀತೆಂದು ಹೆದರಿ ಹಿತ್ತಾಳೆಯ ಬಕಲ್ ಎರಡು ಕೊಂಡೆ. ಹೊಲಿಯುವಾಗ ಸೂಜಿ ಮುರಿದದ್ದಕ್ಕೆ ಲೆಕ್ಕವಿಲ್ಲ.

ಮಾವನವರಿಗೆ ಚೀಲ ಬಹಳ ಹಿಡಿಸಿತು. ಆದರೆ ಫೋನ್ ಬಂದಾಗ ಅವರು ಎರಡೂ ಬಕಲ್ ಬಿಚ್ಚುವಷ್ಟರಲ್ಲಿ ಗಂಟೆ ನಿಂತೇಹೋಗುತ್ತಿತ್ತು. ಸ್ವಲ್ಪ ದಿನದಲ್ಲೇ ಅತ್ತೆಯವರು ನನಗೆ ಫೋನ್ ಮಾಡಿದರು.

"ಸಂತ್ಯಾಗ ಏನೇನ್ ತರಬೇಕಂತ ಹೇಳಾಕ ಎಷ್ಟ್ ಸಲ ಹಚ್ಚಿದ್ರೂ ಎತ್ತವಲ್ರು. ಮೊದಲ ಆ ಬಕಲ್ ತೆಗೀರಿ, ಅಳಿಯಂದ್ರ."

ನಾನು ಒತ್ತುಗುಂಡಿ ಹಿಡಿದುಕೊಂಡು ಹೋದೆ. ಮಾವನವರು ಚೀಲವನ್ನು ಅಂಗೈಯಿಂದ ಮುಚ್ಚಿಕೊಂಡು, "ಇರ್ಲಿ ಬಿಡ್ರಿ. ಇದನ್ನ ಹಾಕ್ಕೊಂಡಾಗಿಂದ ನಾ ಭಾಳ ಆರಾಮ ಅದೇನಿ," ಎಂದು ಮೆಲ್ಲಗೆ ಹೇಳಿದರು. ಅಷ್ಟರಲ್ಲಿ ಅತ್ತೆಯವರು ಕತ್ತರಿ ತಂದು ನನ್ನ ಕೈಗಿತ್ತರು.

ಅಂದು ಊಟಕ್ಕೆ ಕೂತಾಗ ಮಾವನವರು ನನ್ನೊಡನೆ ಒಂದು ಮಾತೂ ಆಡಲಿಲ್ಲ.