ಫಟ್‌ಫಟಿಯ ಹಿಂದೆ ಬಂದ ಎತ್ತುಗಳು

ಆಗೆಲ್ಲ ಸಂಕ್ರಾಂತಿ ಕಳೆಯಿತೆಂದರೆ ಹೊಳಗುಂದದ ಮಕ್ಕಳಾದ ನಾವು ನೆಲದ ಮೇಲೆ ಆಡುತ್ತಿರಲಿಲ್ಲ. ಹತ್ತಿಯ ಮೇಲೆ ಆಡುತ್ತಿದ್ದೆವು. ಪಡಸಾಲೆ ತುಂಬ ಹತ್ತಿ, ಕೊಟ್ಟಿಗೆಯ ಮೂಲೆಗೆ ಹತ್ತಿ, ತಲೆಗೂದಲಲ್ಲಿ ಹತ್ತಿ, ಮಜ್ಜಿಗೆಯ ಬಟ್ಟಲಲ್ಲೂ ಒಂದೆರಡು ಎಳೆ. ಬಿಸಿಲಿಗೆ ಕಾದ ರಾಶಿಯೊಳಗೆ ಮುಖ ಹುದುಗಿಸಿದರೆ ಬೆಚ್ಚಗಿನ ಎಣ್ಣೆಯ ವಾಸನೆ ಬರುತ್ತಿತ್ತು. ಕರಿಮಣ್ಣಿನ ಊರುಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹತ್ತಿಯನ್ನು ದೊಡ್ಡ ದೊಡ್ಡ ಮೂಟೆಗಳಾಗಿ, ಅಂಡಿಗೆಗಳಾಗಿ ಕಟ್ಟಿ, ಬಂಡಿಗೆ ಹೇರಿ, ಕಾಳು ಬಿಡಿಸುವ ಆದವಾನಿಯ ಗಿರಣಿಗಳಿಗೆ, ಅಂದರೆ ಜಿನ್ನುಗಳಿಗೆ, ಸಾಗಿಸುವ ಕಾಲ ಅದು. ನಮ್ಮ ಓಣಿಯಲ್ಲಿ ಎತ್ತು ಕಟ್ಟದ ಮನೆಯೇ ಇರಲಿಲ್ಲ. ಊರಲ್ಲಿ ಗಟ್ಟಿ ಸದ್ದು ಅಂದರೆ ಎತ್ತಿನ ಕೊರಳ ಗಂಟೆ, ಕಣದ ಹಾಡು, ಇಲ್ಲವೆ ನಮ್ಮ ಅಜ್ಜಿ.

ಅಜ್ಜಿಯ ಹೆಸರು ಗೌರಮ್ಮ. ಮನೆಯ ಯಜಮಾನಿಕೆ ಅವಳದು. ಅಪ್ಪ ಹೊಲದಲ್ಲಿ ಎಷ್ಟೇ ದೊಡ್ಡ ರೈತನಾಗಿದ್ದರೂ ಹೊಸ್ತಿಲು ದಾಟಿ ಒಳಗೆ ಬಂದರೆ ಗೌರಮ್ಮನ ಮಗ, ಅಷ್ಟೇ. ಅಜ್ಜಿಯ ಮಗಳನ್ನು ಆದವಾನಿಯ ಹತ್ತಿ ವ್ಯಾಪಾರಸ್ಥರ ಮನೆಗೆ ಕೊಟ್ಟಿದ್ದರು. ಆ ಅತ್ತೆಯ ಒಬ್ಬನೇ ಮಗ ಚೆನ್ನಪ್ಪಮಾವ. ನನ್ನ ಅಕ್ಕ ನೀಲಕ್ಕ ತೊಟ್ಟಿಲಲ್ಲಿದ್ದಾಗಲೇ ಇವಳು ಚೆನ್ನಪ್ಪನಿಗೆ ಎಂದು ಹಿರಿಯರು ಮಾತಾಡಿಕೊಂಡಿದ್ದರಂತೆ. ನನಗೆ ಒಂಬತ್ತು ವರ್ಷ ತುಂಬಿದ ಆ ವರ್ಷ ಮದುವೆ ಮಾಡಿಬಿಡುವುದೆಂದು ಎರಡೂ ಮನೆಯವರು ನಿಶ್ಚಯಿಸಿದ್ದರು. ನೀಲಕ್ಕ ಈ ಬಗ್ಗೆ ಬಾಯಿ ಬಿಟ್ಟು ಏನೂ ಹೇಳುತ್ತಿರಲಿಲ್ಲ. ಆದರೆ ಚೆನ್ನಪ್ಪಮಾವ ಬರುತ್ತಾನೆಂದು ಗೊತ್ತಾದ ದಿನ ಅವಳು ತಟ್ಟುವ ರೊಟ್ಟಿ ಚಂದ್ರನಂತೆ ದುಂಡಗಿರುತ್ತಿತ್ತು. ಉಳಿದ ದಿನ ಹೇಗೆ ಬಂದರೆ ಹಾಗೆ.

ಆ ಚಳಿಗಾಲ ಆದವಾನಿಯ ಯಾವುದೋ ಜಿನ್ನಿನ ಬಿಳಿ ಮ್ಯಾನೇಜರು ತನ್ನ ದೇಶಕ್ಕೆ ಹೊರಟ. ಹೋಗುವಾಗ ತನ್ನ ಮೋಟಾರು ಸೈಕಲ್ಲನ್ನು ಮಾರಿದ. ಕೊಂಡವನು ಚೆನ್ನಪ್ಪಮಾವ. ಈ ಸುದ್ದಿ ನಮಗೆ ಮುಟ್ಟುವ ಮೊದಲೇ ಆ ಗಾಡಿಯೇ ನಮ್ಮನ್ನು ಮುಟ್ಟಿತು.

ಬೆಳಗಿನ ಬಿಸಿಲು ಏರುತ್ತಿದ್ದ ಹೊತ್ತು. ನಾನು ಅಂಗಳದಲ್ಲಿ ಕುಂಟಬಿಲ್ಲೆ ಆಡುತ್ತಿದ್ದೆ. ಎದುರುಮನೆಯ ತಿಮ್ಮಾರೆಡ್ಡಿ ಬಂಡಿ ತುಂಬ ಹತ್ತಿ ಹೇರಿ, ಎತ್ತು ಹೂಡಿ, ಹೊರಡುವ ಮುನ್ನ ಅಜ್ಜಿಯ ಹತ್ತಿರ ಸುಣ್ಣ ಕೇಳುತ್ತ ನಿಂತಿದ್ದ. ಹನುಮಪ್ಪನ ಗುಡಿಯ ಕಡೆಯಿಂದ ಫಟ್ ಫಟ್ ಫಟ್ ಎಂಬ ಸದ್ದು ಕೇಳಿತು. ಯಾರೋ ಬಂದೂಕು ಹಾರಿಸುತ್ತ ಬರುತ್ತಿದ್ದಾರೆಂದುಕೊಂಡೆವು. ಓಣಿಯ ತಿರುವಿನಲ್ಲಿ ಕಪ್ಪು ಕನ್ನಡಕ ಹಾಕಿ, ಪಂಚೆಯನ್ನು ಬಿಗಿಯಾಗಿ ಕಚ್ಚೆ ಹಾಕಿ, ಹೊಗೆಯ ಮುಂದೆ ಮುಂದೆ ಬರುತ್ತಿದ್ದವನು ಚೆನ್ನಪ್ಪಮಾವ. ಅವನನ್ನು ನಾವು ಗುರುತಿಸುವಷ್ಟರಲ್ಲಿ ತಿಮ್ಮಾರೆಡ್ಡಿಯ ಎತ್ತುಗಳು ಬಂಡಿ ಸಮೇತ ಹಾರಿದವು. ಬಂಡಿ ನಮ್ಮ ಕಟ್ಟೆಗೆ ಬಡಿದು ಮಗುಚಿತು. ಅಂಡಿಗೆಗಳು ಒಡೆದು ಓಣಿ ತುಂಬ ಹತ್ತಿ ಹಾರಾಡಿತು. ನೊಗದಿಂದ ತಪ್ಪಿಸಿಕೊಂಡ ಒಂದು ಎತ್ತು ನಮ್ಮ ಬಾಗಿಲು ದಾಟಿ, ಪಡಸಾಲೆ ದಾಟಿ, ಸೀದಾ ಅಡುಗೆಮನೆಗೆ ಹೋಯಿತು. ಅಲ್ಲಿ ನೀಲಕ್ಕ, ಮಾವ ಬರುವ ದಿನವೆಂದು, ಚಂದ್ರನಂಥ ರೊಟ್ಟಿಗಳನ್ನು ಬುಟ್ಟಿಯಲ್ಲಿ ಒಟ್ಟಿದ್ದಳು. ಎತ್ತು ಹೆದರಿಕೆಯಲ್ಲೂ ಹಸಿವು ಮರೆಯಲಿಲ್ಲ.

ಮಾವ ಕನ್ನಡಕ ತೆಗೆದ. ಕಣ್ಣಿನ ಸುತ್ತ ಬಿಟ್ಟು ಮುಖವೆಲ್ಲ ಧೂಳು. "ಅಜ್ಜಿ, ಹೆಂಗೈತಿ ಗಾಡಿ?" ಎಂದ.

ಅಜ್ಜಿ ತಲೆಯ ಮೇಲಿನ ಹತ್ತಿಯನ್ನು ಕೊಡವಿಕೊಂಡಳು. "ನನ್ನ ಮಗಳ ಹೊಟ್ಟ್ಯಾಗ ಹುಟ್ಟಿದಾಂವ ಅಂತ ಸುಮ್ಮನ ಅದೀನಿ. ಇಲ್ಲಾಂದ್ರ ಇದೇ ನೊಗ ನಿನ್ನ ಹೆಗಲಿಗಿ ಹಾಕತಿದ್ದೆ. ಒಳಗ ಹೋಗಿ ನೋಡು, ನಿನ್ನ ಊಟ ಯಾರು ಉಣ್ಣಾಕತ್ಯಾರಂತ!"

ಮರುದಿನ ಗುಡಿಯ ಮುಂದಿನ ಬೇವಿನ ಕೆಳಗೆ ಹಿರಿಯರು ಕೂತರು. ತಿಮ್ಮಾರೆಡ್ಡಿಗೆ ಸಿಟ್ಟು ಬಂದರೆ ಕನ್ನಡದ ನಡುವೆ ತೆಲುಗು ನುಗ್ಗುತ್ತಿತ್ತು. "ನಿನ್ನಿಯಿಂದ ನನ್ನ ಎದ್ದುಲು, ಎರಡೂ ಎತ್ತು, ಮೇವು ಮುಟ್ಟಲೇದು ರೀ! ನಾ ಸ್ವಲ್ಪ ಜೋರು ಕೆಮ್ಮಿದರೂ ಬೆದರತಾವು. ಇದೇಮಿ ನ್ಯಾಯಂ?" ಎಂದ. ಒಬ್ಬಳ ಎಮ್ಮೆ ಹಾಲು ಇಳಿಸಲಿಲ್ಲವಂತೆ. ಇನ್ನೊಬ್ಬರ ಕೋಳಿ ಮೊಟ್ಟೆಯ ಮೇಲಿಂದ ಎದ್ದುಹೋದದ್ದು ಮತ್ತೆ ಬರಲಿಲ್ಲವಂತೆ. ಮೂರು ವರ್ಷದ ಹಿಂದೆಯೇ ಕಿವುಡರಾಗಿದ್ದ ಮಠದ ಅಯ್ಯನವರು ಕೂಡ ಈ ಸದ್ದಿನಿಂದಲೇ ತಮಗೆ ಕಿವಿ ಕೇಳಿಸುತ್ತಿಲ್ಲವೆಂದರು. ಕೊನೆಗೆ ತೀರ್ಮಾನವಾಯಿತು: ಚೆನ್ನಪ್ಪ ಗುಡಿಯ ಹತ್ತಿರ ಗಾಡಿ ಬಂದ್ ಮಾಡಬೇಕು, ಅಲ್ಲಿಂದ ತಳ್ಳಿಕೊಂಡು ಬರಬೇಕು.

ಅಜ್ಜಿಗೆ ಅಷ್ಟು ಸಾಲಲಿಲ್ಲ. ಎಲ್ಲರ ಮುಂದೆ ಹೇಳಿಬಿಟ್ಟಳು: "ಈ ಓಣಿ ಎತ್ತು ಈ ಗಾಡಿಗಿ ಹೆದರೋದು ಬಿಟ್ಟ ದಿನ ಮದುವಿ ಮಾತು. ಅಲ್ಲೀತನಕ ನನ್ನ ಮೊಮ್ಮಗಳು ನನ್ನ ಮನ್ಯಾಗ ಇರ್ತಾಳ."

ಮನೆಯೊಳಗೆ ಕಿಟಕಿಯ ಹಿಂದೆ ನಿಂತಿದ್ದ ನೀಲಕ್ಕನಿಗೆ ನಾನೇ ಓಡಿಬಂದು ಈ ಸುದ್ದಿ ಹೇಳಿದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು, ಸುತ್ತಿ ಬಿಚ್ಚಿದಳು. ಆ ವಾರವೆಲ್ಲ ರೊಟ್ಟಿ ಹೇಗೆ ಬಂದರೆ ಹಾಗೆ.

ಮಾವ ಮಾತ್ರ ಗಾಡಿ ಬಿಡಲಿಲ್ಲ. ವಾರಕ್ಕೊಮ್ಮೆ ಬಂದು, ಗುಡಿಯ ಹತ್ತಿರ ಇಳಿದು, ಆ ಭಾರದ ಕಬ್ಬಿಣವನ್ನು ಏದುಸಿರು ಬಿಡುತ್ತ ತಳ್ಳಿಕೊಂಡು ಓಣಿಗೆ ಬರುತ್ತಿದ್ದ. ಹೆಂಗಸರು ಅದನ್ನು ನೋಡಲಿಕ್ಕೆಂದೇ ಬಾಗಿಲಿಗೆ ಬರುತ್ತಿದ್ದರು. ಅಜ್ಜಿ ಕಟ್ಟೆಯ ಮೇಲಿಂದ, "ಚೆನ್ನಾ, ಅದು ನಿನ್ನ ಹೊರಬೇಕೋ, ನೀ ಅದನ್ನ ಹೊರಬೇಕೋ?" ಎಂದು ಕೇಳುತ್ತಿದ್ದಳು.

ಮೂರನೆಯ ವಾರ ನೀಲಕ್ಕ ನನ್ನನ್ನು ಹತ್ತಿಯ ರಾಶಿಯ ಹಿಂದಕ್ಕೆ ಎಳೆದಳು. "ಗಂಗೀ, ಮಾವಗ ಒಂದು ಮಾತು ಹೇಳ್ತಿ? ಜಿನ್ನಿನಿಂದ ಒಂದು ಚೀಲ ಹತ್ತಿಕಾಳು ತರಾಕ ಹೇಳು. ಮೊದಲ ದೂರ ನಿಂತು ಗಾಡಿ ಚಾಲೂ ಮಾಡ್ಲಿ, ಅದೇ ಹೊತ್ತಿಗಿ ನೀ ಎತ್ತಿಗಿ ಹತ್ತಿಕಾಳು ಹಾಕು. ಆಮ್ಯಾಲ ದಿನಾ ಸ್ವಲ್ಪ ಸ್ವಲ್ಪ ಹತ್ರ ಬರ್ಲಿ. ನಾ ಹೇಳಿದ್ದಂತ ಮಾತ್ರ ಹೇಳಬ್ಯಾಡ."

ನಾನು ಹೋಗಿ ಮೊದಲ ಮಾತಿಗೇ "ನೀಲಕ್ಕ ಹೇಳ್ಯಾಳ" ಎಂದೆ. ಮಾವನ ಮುಖ ಅರಳಿದ್ದನ್ನು ನೋಡಬೇಕಿತ್ತು.

ಎತ್ತುಗಳಿಗೆ ಹತ್ತಿಕಾಳೆಂದರೆ ನಮಗೆ ಹೋಳಿಗೆ ಇದ್ದಂತೆ. ಮಾವ ಹದಿನೈದು ದಿನ ನಮ್ಮ ಊರಲ್ಲೇ ಉಳಿದ. ಅಜ್ಜಿಗೆ ಹತ್ತಿಯ ಖರೀದಿ ಎಂದು ಹೇಳಿದ. ದಿನಾ ಸಂಜೆ ಎತ್ತುಗಳು ಹೊಲದಿಂದ ಬಂದ ಮೇಲೆ ಅವನು ದೂರದ ಬಯಲಲ್ಲಿ ಗಾಡಿಗೆ ಒದೆಯುತ್ತಿದ್ದ. ಫಟ್ ಎಂದು ಕೇಳಿದ ಕೂಡಲೇ ನಾನು ಗೋದಲಿಗಳಿಗೆ ಹತ್ತಿಕಾಳು ಸುರಿಯುತ್ತ ಓಡುತ್ತಿದ್ದೆ. ಮೊದಮೊದಲು ಎತ್ತುಗಳು ಕಿವಿ ನಿಗುರಿಸಿ ನಡುಗಿದವು. ಐದನೆಯ ದಿನ ಕಿವಿ ನಿಗುರಿಸಿದರೂ ಬಾಯಿ ತಿನ್ನುತ್ತಿತ್ತು. ಹತ್ತನೆಯ ದಿನ ಮಾವ ಗುಡಿಯವರೆಗೆ ಬಂದ. ಬೈಯಲು ಬಂದಿದ್ದ ತಿಮ್ಮಾರೆಡ್ಡಿ ತನ್ನ ಎತ್ತುಗಳ ಮಿಂಚುವ ಮೈ ನೋಡಿ, "ಇನ್ನೊಂದು ನಾಕು ದಿನಾ ಬಾರಪ್ಪಾ, ಪರವಾಲೇದು" ಎಂದು ಹೋದ.

ಹದಿನೈದನೆಯ ದಿನ ಅಜ್ಜಿಯ ಮಾತಿನ ಪರೀಕ್ಷೆ, ಅವಳು ಕಟ್ಟೆಯ ಮೇಲೆ ಕೂತಳು. ಮಾವ ಗಾಡಿ ಓಡಿಸುತ್ತ ಓಣಿಯೊಳಗೆ ಬಂದ. ಒಂದು ಎತ್ತೂ ಬೆದರಲಿಲ್ಲ. ಬದಲಿಗೆ ಎಲ್ಲವೂ ಜೊಲ್ಲು ಸುರಿಸುತ್ತ, ಹಗ್ಗ ಜಗ್ಗುತ್ತ, ಅವನ ಕಡೆಗೇ ಕತ್ತು ಚಾಚಿದವು. ಎರಡು ಗೂಟ ಕಿತ್ತುಕೊಂಡು ಅವನ ಹಿಂದೆ ನಮ್ಮ ಬಾಗಿಲವರೆಗೂ ಬಂದವು.

"ಹೆದರಲಿಲ್ಲಲ್ಲ ಅಜ್ಜಿ?" ಎಂದ ಮಾವ.

ಅಜ್ಜಿ ನಗು ತಡೆಯಲಿಕ್ಕೆ ಎಲೆ ಅಡಿಕೆಯನ್ನು ಬಾಯಿಗೆ ತುರುಕಿಕೊಂಡಳು. "ಹೆದರಲಿಲ್ಲ. ಬೀಗರು ಬಂದ್ರ ಎದ್ದು ಬರ್ತಾರಲ್ಲ, ಹಂಗ ಬಂದಾವು. ಹೋಗು, ನಿಮ್ಮವ್ವಗ ಹೇಳು, ಮುಹೂರ್ತ ನೋಡಸಂತ."

ಮದುವೆ ಗೊತ್ತಾಯಿತು. ಬಿಸಿಲು ಬಲಿಯಿತು. ಓಣಿಯ ಹೆಂಗಸರೆಲ್ಲ ಸೇರಿ ನಮ್ಮ ಮನೆಯಲ್ಲಿ ಮದುವೆಯ ಶ್ಯಾವಿಗೆ ಹೊಸೆದರು. ಮಣ್ಣಿನ ಮಾಳಿಗೆಯ ಮೇಲೆ ಸೀರೆ ಹಾಸಿ, ಕೂದಲೆಳೆಯಂಥ ಶ್ಯಾವಿಗೆಯನ್ನು ಒಣಹಾಕಿದ್ದರು. ಕಾಗೆ ಕಾಯುವ ಕೆಲಸ ನನ್ನದು.

ಮದುವೆಗೆ ಎಂಟು ದಿನವಿದ್ದಾಗ ಮಧ್ಯಾಹ್ನ ಮತ್ತೆ ಆ ಸದ್ದು ಬಂತು. ಮಾವನೇ ಎಂದು ನಾನು ಮಾಳಿಗೆಯ ಅಂಚಿಗೆ ಓಡಿದೆ. ಬಂದವನು ಕೆಂಪು ಮುಖದ ಒಬ್ಬ ದೊರೆ, ಊರಿನ ಲೆಕ್ಕಪತ್ರ ತಪಾಸಣೆಗೆ ಬಂದ ಬಿಳಿ ಅಧಿಕಾರಿ. ಅವನೂ ಫಟ್‌ಫಟಿಯ ಮೇಲೆಯೇ ಬಂದಿದ್ದ. ಎತ್ತುಗಳಿಗೆ ಸವಾರ ಯಾರಾದರೇನು? ಇಡೀ ಓಣಿಯ ಗೂಟಗಳು ಕಿತ್ತುಬಂದವು. ಹನ್ನೆರಡೋ ಹದಿನಾಲ್ಕೋ ಎತ್ತುಗಳು ಬಾಲ ಎತ್ತಿ ಅವನ ಹಿಂದೆ ಬಿದ್ದವು. ದೊರೆ ಹಿಂತಿರುಗಿ ನೋಡಿದ, ವೇಗ ಹೆಚ್ಚಿಸಿದ. ಸದ್ದು ಹೆಚ್ಚಾದಷ್ಟೂ ಎತ್ತುಗಳ ಆಸೆ ಹೆಚ್ಚಾಯಿತು. ಓಣಿ ನಮ್ಮ ಮನೆಯ ಮುಂದೆ ಮುಗಿಯುತ್ತದೆಂಬುದು ಪಾಪ ಅವನಿಗೆ ಗೊತ್ತಿರಲಿಲ್ಲ. ಗಾಡಿಯನ್ನು ಗೋಡೆಗೆ ಒರಗಿಸಿ ಬಿಟ್ಟು, ಏಣಿ ಹತ್ತಿ, ಮಾಳಿಗೆಗೆ ಬಂದು ಶ್ಯಾವಿಗೆಯ ನಟ್ಟನಡುವೆ ನಿಂತ.

ನಾನು ಕಿರುಚಿದೆ. ಅಜ್ಜಿ ಅಂಗಳಕ್ಕೆ ಬಂದು ಮೇಲೆ ನೋಡಿದಳು. ದೊರೆ ಅಂತಲೂ ನೋಡಲಿಲ್ಲ. "ಅಯ್ಯಯ್ಯೋ, ಶ್ಯಾವಿಗಿ ಮ್ಯಾಲ ನಿಂತಾನ! ಬೂಟಗಾಲಾಗ! ಇಳೀಯೋ, ನಿನ್ನ ಮನಿ ಹಾಳಾಗ!"

ಊರಿನ ಲೆಕ್ಕ ಬರೆಯುವ ಕರಣಂ ಬೆವರು ಒರೆಸಿಕೊಳ್ಳುತ್ತ ಓಡಿಬಂದ. ದೊರೆ ಮೇಲಿಂದ ಇಂಗ್ಲಿಷಿನಲ್ಲಿ ಗುಡುಗಿದ. ಕರಣಂ ಹೇಳಿದ: "ದೊರಿಗಳಿಗೆ ಬಾಳ ಸಿಟ್ಟು ಬಂದೈತಿ. ಬೇಕಂತ ಎತ್ತು ಬಿಟ್ಟೀರಿ ಅಂತಾರ. ಎತ್ತಿನ ಮಾಲೀಕರನ್ನೆಲ್ಲ ಹಿಡಿದು ಆದವಾನಿಗೆ ಒಯ್ತೀನಿ ಅಂತಾರ." ಮದುವೆಯ ಮನೆಯ ಗಂಡಸರೆಲ್ಲ ಠಾಣೆಗೆ ಹೋದರೆ ಮದುವೆ ಎಲ್ಲಿಯದು? ನನಗೆ ಅಳು ಬಂತು.

ಆಗ ಒಳಗಿನಿಂದ ನೀಲಕ್ಕ ಬಂದಳು. ಪರಗಂಡಸರ ಮುಂದೆ ಎಂದೂ ನಿಲ್ಲದವಳು, ಅರಿಸಿನದ ಕೈಯಲ್ಲಿ ಒಂದು ಮೊರ ಹತ್ತಿಕಾಳು ಹಿಡಿದು ಎತ್ತುಗಳ ನಡುವೆ ನಡೆದಳು. ಅವು ದೊರೆಯ ಗಾಡಿಯ ಸೀಟನ್ನು ನೆಕ್ಕುವುದನ್ನು ಬಿಟ್ಟು ಅವಳ ಹಿಂದೆ ಹೊರಟವು. ಒಂದೊಂದಾಗಿ ತಂತಮ್ಮ ಗೋದಲಿಗೆ ಸೇರಿಕೊಂಡವು. ನೀಲಕ್ಕ ಖಾಲಿ ಮೊರ ಹಿಡಿದು ಬಂದು ಕರಣಂಗೆ ಹೇಳಿದಳು: "ಎತ್ತಿನ ತಪ್ಪಿಲ್ಲರಿ. ಹಿಂಗ ಕಲಿಸಿದಾಕಿ ನಾನು. ಒಯ್ಯೋದಿದ್ರ ನನ್ನ ಒಯ್ರಿ."

ಕರಣಂ ಎಲ್ಲವನ್ನೂ ವಿವರಿಸಿದ. ಗಾಡಿ, ಹತ್ತಿಕಾಳು, ಮದುವೆ. ದೊರೆ ಬಹಳ ಹೊತ್ತು ಕೇಳಿದ. ನಗಲಿಲ್ಲ. ಆದರೆ ಅವನ ಮೀಸೆ ಒಂದೆರಡು ಸಲ ಅಲುಗಾಡಿದ್ದನ್ನು ಹತ್ತಿರದಿಂದ ಕಂಡವಳು ನಾನೊಬ್ಬಳೇ. ಇಳಿದು ಬಂದು, ಅಜ್ಜಿ ಕೊಟ್ಟ ಮಜ್ಜಿಗೆ ಕುಡಿದು, ಕಾಗದ ತರಿಸಿ ಹುಕುಂ ಬರೆದ: ಇನ್ನು ಮುಂದೆ ಹೊಳಗುಂದದ ಓಣಿಗಳಲ್ಲಿ ಯಾರೂ ಮೋಟಾರು ಸೈಕಲ್ ಓಡಿಸತಕ್ಕದ್ದಲ್ಲ, ಗುಡಿಯ ಹತ್ತಿರ ಬಂದ್ ಮಾಡತಕ್ಕದ್ದು.

"ಆತಗೂ ಲಾಗೂ ಆಗತೈತೇನು ಈ ಹುಕುಂ? ಕೇಳು" ಎಂದಳು ಅಜ್ಜಿ.

ಕರಣಂಗೆ ಕೇಳುವ ಧೈರ್ಯವಾಗಲಿಲ್ಲ. ದೊರೆಗೆ ಮಾತು ಹೇಗೋ ತಿಳಿಯಿತು. ಟೋಪಿ ಹಾಕಿಕೊಂಡು ತನ್ನ ಗಾಡಿಯನ್ನು ತಾನೇ ಗುಡಿಯವರೆಗೆ ತಳ್ಳಿಕೊಂಡು ಹೋದ. ಬೂಟಿನ ಹಿಮ್ಮಡಿಗೆ ನಮ್ಮ ಶ್ಯಾವಿಗೆ ಅಂಟಿತ್ತು.

ಹೀಗೆ ಅಷ್ಟು ಕಷ್ಟಪಟ್ಟು ಗೆದ್ದಿದ್ದ ಓಣಿಯ ದಾರಿಯನ್ನು ಮಾವ ಕಳೆದುಕೊಂಡ. ಮದುವೆಯ ದಿನ ಮದುಮಗ ಬಂಡಿ ಹತ್ತಲೊಲ್ಲ, ಗಾಡಿ ಓಡಿಸುವಂತಿಲ್ಲ. ದಿಬ್ಬಣ ಗುಡಿಯ ಹತ್ತಿರ ನಿಂತುಬಿಟ್ಟಿತು. ಕೊನೆಗೆ ತಿಮ್ಮಾರೆಡ್ಡಿಯೇ ದಾರಿ ಹುಡುಕಿದ. ತನ್ನ ಬಂಡಿಗೆ ಹಗ್ಗ ಬಿಗಿದು ಫಟ್‌ಫಟಿಯನ್ನು ಹಿಂದೆ ಕಟ್ಟಿದ. ಬಾಸಿಂಗ ಕಟ್ಟಿದ ಮಾವ ಅದರ ಮೇಲೆ ಗಂಭೀರವಾಗಿ ಕೂತ. ಎತ್ತುಗಳು ಅವನನ್ನು ನಿಧಾನಕ್ಕೆ, ಒಂದಿಷ್ಟೂ ಸದ್ದಿಲ್ಲದೆ, ನಮ್ಮ ಬಾಗಿಲಿಗೆ ಎಳೆದು ತಂದವು. ಆರತಿ ಹಿಡಿದ ಅಜ್ಜಿ ನಕ್ಕು ನಕ್ಕು ದೀಪ ಆರಿಸಿಬಿಟ್ಟಳು. ಎರಡನೆಯ ಸಲ ಹಚ್ಚಬೇಕಾಯಿತು.

ಮರುದಿನ ನೀಲಕ್ಕ ಗುಡಿಯವರೆಗೆ ನಡೆದುಹೋಗಿ ಅಲ್ಲಿ ಗಾಡಿಯ ಮೇಲೆ ಮಾವನ ಹಿಂದೆ ಕೂತಳು. ಓಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದರು. ತವರು ಬಿಟ್ಟು ಹೋಗುವ ಹುಡುಗಿ ಅಳುತ್ತಿದ್ದಳೋ ನಗುತ್ತಿದ್ದಳೋ ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.

ಆಮೇಲೆ ಯುದ್ಧ ಬಂತು, ಪೆಟ್ರೋಲು ಸಿಗದಾಯಿತು. ಗಾಡಿ ಜಿನ್ನಿನ ಶೆಡ್ಡಿನಲ್ಲಿ ತುಕ್ಕು ಹಿಡಿಯಿತು. ಅಜ್ಜಿ, ಮಾವ, ನೀಲಕ್ಕ ಒಬ್ಬೊಬ್ಬರಾಗಿ ಹೋದರು. ನನಗೀಗ ಎಂಬತ್ತು ದಾಟಿದೆ. ಆದವಾನಿಯಲ್ಲಿ ರಸ್ತೆಯ ಮೇಲೇ ನಮ್ಮ ಮನೆ. ದಿನಕ್ಕೆ ಎಷ್ಟು ನೂರು ಬೈಕುಗಳೋ. ಮೊನ್ನೆ ಒಬ್ಬ ಹುಡುಗ ಬೇಕೆಂದೇ ಸದ್ದು ಮಾಡುವ ಕೊಳವೆ ಹಾಕಿಸಿಕೊಂಡು ನಾಲ್ಕು ಸಲ ಸುತ್ತಿದ. ನಾನು ಕೋಲೂರಿಕೊಂಡು ರಸ್ತೆಗಿಳಿದು ಕೈ ಅಡ್ಡ ಹಿಡಿದೆ. ನಿಲ್ಲಿಸಿದ. "ಯಾರ ಮಗನಪ್ಪಾ ನೀನು?" ಎಂದೆ. "ಸಾರಿ ಅವ್ವಾ" ಎಂದು ಹೊರಟುಹೋದ. ಮರ್ಯಾದೆಯ ಹುಡುಗನೇ. ಆದರೆ ಅವನು ಯಾರ ಮಗ, ಯಾರ ಮೊಮ್ಮಗ ಎಂದು ಅಕ್ಕಪಕ್ಕದ ಅಂಗಡಿಯವರನ್ನು ಕೇಳಿದೆ, ಒಬ್ಬರಿಗೂ ಗೊತ್ತಿರಲಿಲ್ಲ. ಅಜ್ಜಿ ಬೈದದ್ದು ತನ್ನ ಮಗಳ ಮಗನನ್ನು; ಯಾರ ಮಗನೆಂದೇ ತಿಳಿಯದವನನ್ನು ನಾನು ಹೇಗೆ ಬೈಯಲಿ? ಕೋಲೂರಿಕೊಂಡು ಒಳಗೆ ಬಂದೆ.