ಸಮಾಧಾನ ಹೇಳದ ನರ್ಸಮ್ಮ

ನರ್ಸಮ್ಮನ ಎಡಗಣ್ಣಿನಿಂದ ಸದಾ ನೀರು ಇಳಿಯುತ್ತಿತ್ತು. ಸೆರಗಿನಿಂದ ಒರೆಸಿ ಒರೆಸಿ ಆ ಕೆನ್ನೆಯ ಚರ್ಮ ಕೆಂಪಾಗಿ ಸುಲಿದಿತ್ತು. ಯಾರಾದರೂ ಕನಿಕರದಿಂದ ನೋಡಿದರೆ, "ಇದು ಅಳು ಅಲ್ರಿ, ಕಣ್ಣಿನ ಬ್ಯಾನಿ. ನಾ ಅತ್ತರ ಎರಡೂ ಕಣ್ಣಿಂದ ಅಳತೇನಿ" ಎನ್ನುತ್ತಿದ್ದರು.

ಧಾರವಾಡದ ಕಡೆಯವರು. ಆಸ್ಪತ್ರೆಯ ನರ್ಸ್ ಕೆಲಸಕ್ಕೆಂದು ವಾರಾಣಸಿಗೆ ಬಂದವರು ನಿವೃತ್ತರಾದ ಮೇಲೂ ಕಂಟೋನ್ಮೆಂಟಿನಲ್ಲೇ ಉಳಿದಿದ್ದರು. ನನ್ನ ಗಂಡನಿಗೆ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಾಗ ನಾವು ಅವರ ಪಕ್ಕದ ಮನೆ ಹಿಡಿದೆವು. ಒಂದೇ ಚರ್ಚು, ಒಂದೇ ಭಾಷೆ. ಹಿಂದಿಯಲ್ಲೇ ಬೆಳೆಯುತ್ತಿದ್ದ ನನ್ನ ಮಗಳು ಅವರ ಜೊತೆ ಮಾತ್ರ ಕನ್ನಡ ಆಡುತ್ತಿದ್ದಳು, ಅದೂ ಧಾರವಾಡದ ಧಾಟಿಯಲ್ಲಿ.

ಆ ಮಗಳು ಮೆದುಳು ಜ್ವರ ಬಂದು ತೀರಿಕೊಂಡಳು. ಆರು ವರ್ಷದವಳು.

ಮಣ್ಣು ಮಾಡಿದ ಮರುದಿನ ಮನೆಯಲ್ಲಿ ಪ್ರಾರ್ಥನೆ ಇತ್ತು. ದೇವರಿಗೆ ತನ್ನ ತೋಟಕ್ಕೊಂದು ಹೂವು ಬೇಕಿತ್ತು, ಕರೆದುಕೊಂಡ, ಅಳದೆ ಸ್ತೋತ್ರ ಹೇಳಿ ಎಂದು ಚರ್ಚಿನ ಹಿರಿಯರೊಬ್ಬರು ಹಿಂದಿಯಲ್ಲಿ ಉಪದೇಶಿಸಿದರು. ಎಲ್ಲರೂ ಆಮೆನ್ ಎಂದರು.

ನರ್ಸಮ್ಮ ಎದ್ದು ನಿಂತರು. "ಬಸ್ ಕೀಜಿಯೇ, ಭಾಯಿಸಾಬ್" ಎಂದು ಅವರನ್ನು ತಡೆದು, ನನ್ನ ಕಡೆ ತಿರುಗಿದರು. "ಕೂಸಿನ ಕಳವು ದೇವರ ಮ್ಯಾಲೆ ಹೊರಸಾಕ ಹತ್ಯಾರ. ಕೇಳಬ್ಯಾಡ ತಂಗಿ. ಗೆಳೆಯ ಸತ್ತಾಗ ಯೇಸುನೂ ಗೋರಿ ಮುಂದ ನಿಂತು ಅತ್ತಾನ. ಅವನ್ನ ತಿರುಗಿ ಜೀವಂತ ಎಬ್ಬಸ್ತೇನಿ ಅಂತ ಗೊತ್ತಿದ್ದೂ ಅತ್ತಾನ. ನೀ ಅಳು."

ನಾನು ಮೊದಲ ಸಲ ಬಾಯಿಬಿಟ್ಟು ಅತ್ತೆ. ಹಿರಿಯರು ಚಹಾ ಕುಡಿಯದೆ ಹೊರಟುಹೋದರು. ಆಮೇಲೆ ಚರ್ಚಿನವರು ನಮ್ಮ ಮನೆಗೆ ಬರುವುದೇ ಕಡಿಮೆಯಾಯಿತು.

ನರ್ಸಮ್ಮ ಮಾತ್ರ ದಿನಾ ಬಂದರು. ಪಾತ್ರೆ ತೊಳೆದು, ಅನ್ನಕ್ಕಿಟ್ಟು, ನನ್ನೆದುರು ಕೂತು ಬಟಾಣಿ ಸುಲಿಯುತ್ತಿದ್ದರು. ಒಂದು ಮಧ್ಯಾಹ್ನ ಕೇಳಿದೆ, "ಇದು ಯಾವಾಗ ಕಡಿಮೆಯಾಗುತ್ತೆ?"

"ನಂದಿನ್ನೂ ಆಗಿಲ್ಲವ್ವಾ."

ಅವರ ಒಬ್ಬನೇ ಮಗ ಕಾಲೇಜಿನಲ್ಲಿದ್ದಾಗ ಗಂಗೆಯಲ್ಲಿ ಈಜಲು ಹೋಗಿ ಮುಳುಗಿದ್ದನೆಂದು ಅವತ್ತೇ ನನಗೆ ಗೊತ್ತಾದದ್ದು. ದೇಹ ಸಿಕ್ಕಿರಲಿಲ್ಲ. ಹೋಗಿ ಹೂವಿಡಲು ಒಂದು ಗೋರಿಯೂ ಇರಲಿಲ್ಲ.

"ಕಾಶ್ಯಾಗ ಸತ್ತಾನ, ಮುಕ್ತಿ ಸಿಕ್ತು ಅಂದ್ರು ಓಣಿಯವರು. ಸ್ವರ್ಗಕ್ಕ ಹೋದ ಅಂದ್ರು ಚರ್ಚಿನವರು. ನನಗ ಮಗ ಬೇಕಾಗಿದ್ದ. ಅದನ್ನ ಯಾರೂ ಕೇಳಲಿಲ್ಲ."

"ಮತ್ತೆ ಚರ್ಚಿಗೆ ಯಾಕೆ ಬರ್ತೀರಿ?"

"ದೇವರ ಕೂಡ ಜಗಳಾ ಮುಗದಿಲ್ಲ. ನಾ ಎದ್ದು ಹೋದ್ರ ಜಗಳಾ ಯಾರ ಕೂಡ ಆಡ್ಲಿ?"

ಕಳೆದ ಚಳಿಗಾಲದಲ್ಲಿ ಅವರ ಹೃದಯ ಸೋತಿತು. ಆಸ್ಪತ್ರೆಗೆ ಪಾದ್ರಿಗಳು ಬಂದು ಪ್ರಾರ್ಥಿಸಿ ಹೋದ ಮೇಲೆ, "ಮಗನನ್ನು ನೋಡ್ತೀರಿ ಅಂತ ನಂಬಿಕೆ ಇದೆಯಾ?" ಎಂದು ಕೇಳಿದೆ. ನಾನು ನನ್ನ ಮಗಳಿಗಾಗಿ ಕೇಳುತ್ತಿದ್ದೇನೆಂದು ಅವರಿಗೆ ತಿಳಿಯಿತು. ಕೈ ಹಿಡಿದುಕೊಂಡರು.

"ಐತಿ. ಇಲ್ಲಂದ್ರ ಇಷ್ಟು ವರ್ಷ ಯಾರ ಮ್ಯಾಲೆ ಸಿಟ್ಟು ಮಾಡ್ತಿದ್ದೆ? ನಿನ್ನ ಮಗಳನ್ನೂ ನೋಡ್ತೇನಿ. ಆದರ ಮೊದಲ ದೇವರ ಮುಂದ ಕುಂತು ಯಾಕ ಅಂತ ಕೇಳೂದೈತಿ. ನಿಂದೂ ಸೇರಿಸಿ ಕೇಳ್ತೇನಿ."

ಮರುದಿನ ಬೆಳಿಗ್ಗೆ ತೀರಿಕೊಂಡರು.

ಗಂಡ ಚರ್ಚಿಗೆ ಬರುವುದನ್ನು ಬಿಟ್ಟಿದ್ದಾರೆ. ಭಾನುವಾರ ನಾನೊಬ್ಬಳೇ ಹೋಗುತ್ತೇನೆ. ಸ್ತೋತ್ರದ ಹಾಡಿಗೆ ಎಲ್ಲರೂ ಎದ್ದಾಗ ಕೂತೇ ಇರುತ್ತೇನೆ. ಮನಸ್ಸಿನ ಕಹಿ ಹೋಗಿಲ್ಲ. ಅದನ್ನು ಬಚ್ಚಿಡದೆಯೂ ದೇವರ ಎದುರು ಕೂರಬಹುದೆಂದು ನನಗೆ ಕಲಿಸಿದವರು ನರ್ಸಮ್ಮ ಒಬ್ಬರೇ. ಅವರು ದೇವರನ್ನು ಯಾಕೆ ಎಂದು ಕೇಳಿಯೇ ಇರುತ್ತಾರೆ. ಉತ್ತರ ಇನ್ನೂ ನನ್ನವರೆಗೆ ಬಂದಿಲ್ಲ.